ಹಸಿದ ಸಂದು

ಗುರುವಾರ ಕಪ್ಪುಹಲಗೆ ಒರೆಸುವ ಪಾಳಿ ನನ್ನದು.
ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಹೋದ ವಾರದ ಕೋಸು,
ಅದರ ಬೂದಿಯ ಮೇಲೇ ಬರೆಯುತ್ತೇನೆ:

ಸದಸ್ಯರ ಗಮನಕ್ಕೆ.
ಹಾಲಿನ ಫ್ರಿಜ್ಜು ಮತ್ತೆ ಕೆಟ್ಟಿದೆ,
ಮೊಣಕಾಲಿಂದ ಒತ್ತಿದರೆ ಬಾಗಿಲು ಕೂರುತ್ತದೆ.
ಬ್ಯಾರಕ್ಲಫ್ ಅವರ ಕೋಳಿಗಳು ಬಿಸಿಲು ಕಂಡು ಮನಸ್ಸು ಬದಲಿಸಿವೆ,
ಮೊಟ್ಟೆ ಉಂಟು. ಡಬ್ಬಿ ವಾಪಸು ತನ್ನಿ.
ಕಾಡು ಬೆಳ್ಳುಳ್ಳಿ ಸೊಪ್ಪು, ಕಾಲುವೆ ದಂಡೆಯದು,
ನಾಯಿಗಳು ಕಾಲೆತ್ತದ ಕಡೆಯದೇ ಎಂದು
ನಸೀಮಾ ಆಣೆ ಮಾಡಿದ್ದಾಳೆ.
ರೂಬಾರ್ಬ್ ಬಂದಿದೆ. ಕತ್ತಲಮನೆಯ ಕೊನೆಯ ಕಟ್ಟುಗಳು.

ವೇಕ್‌ಫೀಲ್ಡಿನ ಕಡೆ, ಕಿಟಕಿಯಿಲ್ಲದ ಕೊಟ್ಟಿಗೆಗಳಲ್ಲಿ
ಬಾಣಂತಿಕೋಣೆಯಂಥ ಬೆಚ್ಚನೆ ಕತ್ತಲಲ್ಲಿ
ಬೆಳೆಸುತ್ತಾರಂತೆ ಇದನ್ನು.
ಮೇಣದಬತ್ತಿ ಹಿಡಿದು ಕೊಯ್ಯುತ್ತಾರಂತೆ.
ಉಸಿರು ಬಿಗಿಹಿಡಿದರೆ ಮೊಗ್ಗು ಸಿಪ್ಪೆ ಸೀಳುವುದು ಕೇಳುತ್ತದಂತೆ,
ಪಟ್,
ಪಟ್.
ಕ್ಲಿಫರ್ಡ್ ಹೇಳಿದ್ದು. ಅವನು ಹೇಳುವುದರಲ್ಲಿ ಅರ್ಧ ನಂಬುತ್ತೇನೆ,
ಇದು ಆ ಅರ್ಧ.

ಮೊದಲ ಸಲ ಕಚ್ಚಿದಾಗ ಒಂದು ಕಣ್ಣು ತಾನೇ ಮುಚ್ಚಿತ್ತು:
ಅಯ್ಯ, ಇದು ಪುಂಡಿಪಲ್ಯ!
ಅಲ್ಲಿ ಎಲೆ ತಿಂದು ದಂಟು ಎಸೆದೆವು,
ಇಲ್ಲಿ ದಂಟು ತಿಂದು ಎಲೆ ಎಸೆಯಬೇಕು, ಎಲೆ ವಿಷ.
ಇವರು ಸಕ್ಕರೆ ಸುರಿದು ಹುಳಿಯ ಬಾಯಿ ಮುಚ್ಚಿಸುತ್ತಾರೆ.
ನಾನು ಕಡಲೆಬೇಳೆ, ಒಂದು ಹಿಡಿ ಜೋಳದ ನುಚ್ಚು,
ಹಸಿಮೆಣಸಿನಕಾಯಿ ಹಾಕಿ ಕುದಿಸಿ
ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು
ಒಂದು ಡಬ್ಬಿ ತಂದು ಗಲ್ಲಾದ ಪಕ್ಕ ಇಟ್ಟೆ.
ಈನಿಡ್ ಸಟ್‌ಕ್ಲಿಫ್ ಚಮಚದ ತುದಿ ನಾಲಿಗೆಗೆ ಮುಟ್ಟಿಸಿ
‘ಇದು ಪುಡ್ಡಿಂಗ್ ಅಲ್ಲ’ ಎಂದಳು, ದೂರು ಕೊಡುವ ದನಿಯಲ್ಲಿ.
ಎರಡನೇ ಚಮಚಕ್ಕೆ ಮಾತಾಡಲಿಲ್ಲ.
ಡಬ್ಬಿ ಮನೆಗೆ ಒಯ್ದಳು.

ಇನ್ನು ಆರು ವಾರ ಏನೂ ಇಲ್ಲ.
ಇವರ ಮಾತಿನಲ್ಲಿ ಇದು ಹಸಿದ ಸಂದು:
ಚಳಿಗಾಲದ್ದು ಮುಗಿದು, ಬೇಸಿಗೆಯದು ಇನ್ನೂ ಬೀಜದೊಳಗೆ ಮುಸುಕೆಳೆದು ಮಲಗಿ,
ಕಾಲ್ಡರ್ ಕಣಿವೆ ಕಣ್ತುಂಬ ಹಸಿರು,
ಕುರಿಗಳಿಗೆ ಮಾತ್ರ ಊಟ.

ಸರ್ವಸದಸ್ಯರ ಸಭೆ ಮಂಗಳವಾರ, ಚಾಪೆಲ್ಲಿನ ಹಿಂಬದಿ ಕೋಣೆಯಲ್ಲಿ.
ಕೋರಂಗೆ ಇಪ್ಪತ್ತು. ಬಂದವರು ಹತ್ತೊಂಬತ್ತು.
ಗದಗಿನ ಸೊಸೈಟಿಯಲ್ಲಿ ಅಜ್ಜನಿಗೂ ಇದೇ ಪಾಡು,
ಸಂತೆಗೆ ಹೊರಟ ಸದಸ್ಯನ ರಟ್ಟೆ ಹಿಡಿದು
‘ಕುಂಡ್ರೋ ಮಾರಾಯ, ಮಾತಾಡಬ್ಯಾಡ,
ಉಸಿರಾಡ್ಕೋತ ಕುಂಡ್ರು, ಸಾಕು’ ಅಂತಿದ್ದನಂತೆ.
ನಾನೂ ಹೊರಗೆ ಹೋದೆ.
ಬಸ್ ಸ್ಟಾಪಿನಲ್ಲಿ ಡೆರೆಕ್, ಐದು ಪೌಂಡಿನ ಒಂದು ಷೇರಿನ ಒಡೆಯ,
ಕೈಯಲ್ಲಿ ನಾಯಿಯ ಹಗ್ಗ.
ಬಸ್ಸು ತಪ್ಪಿತು. ಕೋರಂ ಆಯಿತು.

ಠರಾವು: ತರಕಾರಿ ಕಪಾಟಿಗೆ ಸ್ಪೇನಿನ ಲೆಟಿಸ್ ತರಿಸುವುದೋ,
ಖಾಲಿ ಬಿಡುವುದೋ.
ಕ್ಲಿಫರ್ಡ್ ಎದ್ದು ನಿಂತು: ಮಣ್ಣಿಗೂ ರಜೆ ಬೇಡವೇ?
ನಸೀಮಾ ಕೂತಲ್ಲಿಂದಲೇ: ನನ್ನ ಮಕ್ಕಳಿಗೆ ಹಸಿರು ಬೇಕು,
ತತ್ವ ಬೇಯಿಸುವುದು ನನಗೆ ಬರುವುದಿಲ್ಲ.
ನಾನು ಅವಳ ಕಡೆ ಕೈ ಎತ್ತಿದೆ.
ಒಂಬತ್ತು, ಒಂಬತ್ತು. ಈನಿಡ್ ಯಾವ ಕಡೆಯೂ ಇಲ್ಲ.
ಉಳಿದದ್ದು ಡೆರೆಕ್.
ಅವನು ನಾಯಿಯ ತಲೆ ಸವರಿ ಬಹಳ ಹೊತ್ತು ಯೋಚಿಸಿ ಹೇಳಿದ:
ನನಗೆ ಲೆಟಿಸ್ ಸೇರುವುದಿಲ್ಲ.

ನಡಾವಳಿ ಪುಸ್ತಕದಲ್ಲಿ ನಾನೇ ಬರೆಯಬೇಕಾಯಿತು:
ಮಣ್ಣಿನ ಪರವಾಗಿ ಒಂದು ಮತದ ಗೆಲುವು.

ಈಗ ಹಲಗೆಯ ಬುಡದಲ್ಲಿ ಒಂದೇ ಸಾಲಿಗೆ ಜಾಗ.
ಸುಣ್ಣದ ಕಡ್ಡಿ ಉಗುರಿನಷ್ಟು ಉಳಿದಿದೆ.
ಕಪಾಟು ಖಾಲಿ ಇರುವುದು ಮರೆವಿನಿಂದಲ್ಲ, ಠರಾವಿನಿಂದ.
ಜನ ಅದರ ಮುಂದೆ ನಿಲ್ಲುತ್ತಾರೆ,
ಲೆಟಿಸ್ ಇದ್ದಾಗ ಯಾರೂ ಇಷ್ಟು ಹೊತ್ತು ನಿಂತದ್ದಿಲ್ಲ.

ಡಬ್ಬಿ ತೊಳೆದು ವಾಪಸು ಬಂದಿದೆ.
ಖಾಲಿ ಡಬ್ಬಿ ಕೊಡಬಾರದು ಅನ್ನುವುದು ಈನಿಡ್‌ಗೆ
ಹೇಗೆ ಗೊತ್ತಿರಬೇಕು, ಅಂದುಕೊಂಡು ಮುಚ್ಚಳ ತೆಗೆದೆ.
ಒಳಗೊಂದು ಚೀಟಿ, ಪೆನ್ಸಿಲಿನಲ್ಲಿ:
ಉಪ್ಪು ಒಂದು ಕಲ್ಲು ಹೆಚ್ಚಾಗಿತ್ತು.