ಚುಕ್ಕೆಗೆ ಮೀಸೆ

ಬೈತಖೋಲ ಬಂದರಿಗೆ ಇಳಿಯುವ ದಾರಿಯಲ್ಲಿ
ಐಸ್ ಫ್ಯಾಕ್ಟರಿ ದಾಟಿದರೆ ನನ್ನ ಅಂಗಡಿ.
ಬೋರ್ಡಿನಲ್ಲಿ ರಾಯ್ಕರ್ ಎಂದಷ್ಟೇ ಉಳಿದಿದೆ,
ಮಿಕ್ಕದ್ದು ಉಪ್ಪುಗಾಳಿಯ ಪಾಲು.
ಅಜ್ಜ ಇಲ್ಲೇ ಕೂತು ಮೂಗುತಿಗೆ ಕೆಂಪು ಹರಳು ಕೂರಿಸುತ್ತಿದ್ದ.
ನಾನು ಬೋಟಿನವರ ದುರ್ಬೀನು ಬಿಚ್ಚುತ್ತೇನೆ,
ಗಾಜಿನೊಳಗೆ ಬೇರುಬಿಟ್ಟ ಬೂಷ್ಟು ಒರೆಸುತ್ತೇನೆ.
ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಮಾತ್ರ ಅವನದೇ.

ತೋಡೂರಿನ ಹನುಮು ಗೌಡರು ಬಂದದ್ದು ಬುಧವಾರ.
ಸಂಗಡ ಕೋವಿ ಇರಲಿಲ್ಲ. ಚುನಾವಣೆಯಲ್ಲವೇ,
ಠಾಣೆಯ ಕಪಾಟಿನಲ್ಲಿ ಮಲಗಿತ್ತು.
ಟವೆಲು ಬಿಚ್ಚಿ ಮೂರು ಗಾಜಿನ ಸಾಮಾನು ಸಾಲಾಗಿಟ್ಟರು.
ಗೋವಾದ ಪರಿಚಯದವನೊಬ್ಬ
ನೋಡಿ ಒಂದು ಇಟ್ಟುಕೊಳ್ಳಿ ಎಂದು ಕೊಟ್ಟದ್ದಂತೆ.
"ಯಾವುದು ಅಡ್ಡಿಲ್ಲ ಹೇಳಿ ಬಾಯೋರೇ.
ಬೆಳೆ ರಕ್ಷಣೆ ಲೈಸೆನ್ಸು, ಅಪ್ಪನ ಕಾಲದ್ದು.
ಹಂದಿ ಬರೂದು ಮಬ್ಬುಗತ್ತಲಿಗೆ,
ನಳಿಗೆ ತುದಿಯ ಮಣಿ ಈಗ ಕಾಣೂದೇ ಇಲ್ಲ."

ಉದ್ದನೆಯದನ್ನು ಮೊದಲು ಎತ್ತಿದೆ.
ಸ್ಕೋಪು. ಕಣ್ಣನ್ನು ನಾಲ್ಕು ಬೆರಳು ದೂರ ಇಡಬೇಕು,
ಮರೆತರೆ ಕೋವಿ ಒದ್ದಾಗ
ಹುಬ್ಬಿನ ಮೇಲೆ ಅರ್ಧಚಂದ್ರ ಬರೆಯುತ್ತದೆ.
ಮೂವತ್ತು ಹೆಜ್ಜೆಯ ಹಂದಿ ಇದರಲ್ಲಿ ಬರೀ ರೋಮ;
ಹಂದಿ ಎಲ್ಲಿ ಎಂದು ನೀವು ಹುಡುಕುತ್ತಿರುವಾಗ
ಅದು ಗದ್ದೆ ದಾಟಿರುತ್ತದೆ.

ಎರಡನೆಯದು ಕೆಂಪು ಚುಕ್ಕೆಯದು, ಅಗ್ಗದ್ದು.
ಕಿವಿಯ ಹತ್ತಿರ ಅಲ್ಲಾಡಿಸಿದೆ, ಒಳಗೇನೋ ಗಲಗಲ ಅಂದಿತು.
ಚುಕ್ಕೆಯೂ ದಪ್ಪ, ಐವತ್ತು ಹೆಜ್ಜೆಗೆ ಮೂರು ಬೆರಳು ಮುಚ್ಚುತ್ತದೆ.
ಜೂನ್ ಕಳೆಯುವುದರೊಳಗೆ ಒಳಗೊಳಗೇ ಬೆವರುತ್ತದೆ.

ಮೂರನೆಯದು ಕೈಗೆ ತೂಕ ಹತ್ತಿತು.
ಗಾಜಿಗೆ ನೇರಳೆ ಲೇಪ, ತಿರುಪಿಗೆ ಸರಿಯಾದ ಬಿಗಿ.
ಎರಡೂ ಕಣ್ಣು ತೆರೆದೇ ನೋಡಿ ಎಂದೆ.

ನೋಡಿದರು. ಬಹಳ ಹೊತ್ತು ನೋಡಿದರು.
"ಚುಕ್ಕೆ ಅಲ್ಲ ಇದು, ಶೆಟ್ಲಿ. ಮೀಸೆ ಉಂಟು."
ಅಗ್ಗದ್ದರಲ್ಲಿಯೂ ಶೆಟ್ಲಿ, ಅದಕ್ಕೂ ಮೀಸೆ.

ಮೊಬೈಲನ್ನು ಗಾಜಿನ ಹಿಂದೆ ಹಿಡಿದು ಫೋಟೊ ತೆಗೆದೆ,
ಬೆರಳಿನಿಂದ ಹಿಗ್ಗಿಸಿ ತೋರಿಸಿದೆ:
ದುಂಡಗೆ, ಚೊಕ್ಕ, ಅಜ್ಜ ಕೂರಿಸಿದ ಹರಳಿನಂತೆ.
ಗೌಡರೇ, ಮೀಸೆ ಗಾಜಿನದಲ್ಲ.

ಅವರು ಫೋಟೊ ನೋಡಿದರು, ಗಾಜು ನೋಡಿದರು,
ತಮ್ಮದೇ ಸಾಕ್ಷಿ ತಿರುಗಿಬಿದ್ದವರ ಹಾಗೆ ನನ್ನನ್ನು ನೋಡಿದರು.
"ಹಾಗಾದ್ರೆ ಹೋದ ಕಾರ್ತೀಕದಲ್ಲಿ, ನೆರೆಮನೆಯ ಕರು..."
ಎಂದವರು ಟವೆಲು ಮಡಚತೊಡಗಿದರು.
ನಾಲ್ಕು ಸಲ ಮಡಚಿದರು.
ನಾನು ಕೇಳಲಿಲ್ಲ.

ರಸೀದಿಯ ಬೆನ್ನ ಮೇಲೆ ಕಣ್ಣಿನ ಡಾಕ್ಟರ ವಿಳಾಸ ಬರೆದುಕೊಟ್ಟೆ.
ಮೊದಲು ಕನ್ನಡಕ, ಆಮೇಲೆ ಇದು.
ಕನ್ನಡಕ ಬಂದ ಮೇಲೆ ಅಪ್ಪನ ಮಣಿಯೇ ಕಂಡೀತು,
ಕಂಡರೆ ಇದು ಬೇಡವೇ ಬೇಡ.
ವ್ಯಾಪಾರದ ಮಾತಲ್ಲ ಇದು, ಗೊತ್ತು.
ಎರಡು ಕಟ್ಟಿಕೊಂಡು ಹೋದರು, ಮೂರನೆಯದು ಇಲ್ಲೇ ಉಳಿಯಿತು.

ಸಂಜೆ ಬಾಗಿಲೆಳೆಯುವ ಮುಂಚೆ ಅದನ್ನೆತ್ತಿ
ಕಡಲ ಕಡೆ ಹಿಡಿದೆ. ದ್ವೀಪದ ದೀಪ ಹೊತ್ತಿ ಆರುತ್ತಿತ್ತು,
ಚುಕ್ಕೆ ಅದರ ಮೇಲೆ ಹೋಗಿ ಕೂತಿತು.
ತಲೆ ಅತ್ತಿತ್ತ ಆಡಿಸಿದರೂ ಕದಲಲಿಲ್ಲ.
ವಿಚಿತ್ರವೆಂದರೆ ಅಲ್ಲಿ ಚುಕ್ಕೆಯೇ ಇಲ್ಲ.
ಇದರಿಂದ ಒಂದು ಕಿರಣವೂ ಆಚೆ ದಾಟುವುದಿಲ್ಲ;
ಗಾಜು ತಿರುಗಿಸಿ ಕಳಿಸಿದ ಬೆಳಕು
ಬೀಳುವುದು ನೋಡುವವರ ಕಣ್ಣಿನೊಳಗೆ ಮಾತ್ರ.
ಆಚೆ ಇರುವವರಿಗೆ ತಿಳಿಯುವುದೇ ಇಲ್ಲ.

ಅಷ್ಟರಲ್ಲಿ ಬೋಟೊಂದು ಅಡ್ಡ ಬಂತು.
ಅಣಿಯದ ಮೇಲೆ ಹುಡುಗನೊಬ್ಬ ತಂಬಿಗೆಯಿಂದ ತಲೆಗೆ ನೀರು ಸುರಿದುಕೊಳ್ಳುತ್ತಿದ್ದ,
ಹಾಡುತ್ತಲೂ ಇದ್ದನೇನೋ, ಬಾಯಿ ತೆರೆದಿತ್ತು.
ಚುಕ್ಕೆ ಅವನ ಬೆನ್ನ ಮೇಲೆ ಇತ್ತು.

ತಟ್ಟನೆ ಕೆಳಗಿಟ್ಟೆ.
ಬ್ಯಾಟರಿ ಬಿಚ್ಚಿ ಅಜ್ಜನ ಹರಳಿನ ಡಬ್ಬಿಗೆ ಹಾಕಿದೆ.

ಗೌಡರಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ:
ನನಗೂ ಎಡಬದಿಗೆ, ತೀರ ಸಣ್ಣದೊಂದು
ಮೀಸೆ ಇತ್ತು.