ಹಿಂಬಾಕಿ

ಹುಲಿಕೊತ್ತಲ ಪಟ್ಟಣ ಪಂಚಾಯ್ತಿಗೆ ಹೊಸ ಕಟ್ಟಡ ಮಂಜೂರಾಗಿದೆ.
ಹಳೆಯದನ್ನು ಕೆಡವುವ ಮುಂಚೆ
ಒಳಗಿದ್ದುದನ್ನೆಲ್ಲ ಬರೆದುಕೊಳ್ಳಬೇಕು. ಅದು ನನ್ನ ಪಾಲಿಗೆ ಬಂತು.
ಕುರ್ಚಿ ಹನ್ನೊಂದು, ಕೈ ಮುರಿದದ್ದು ನಾಲ್ಕು.
ಕಬ್ಬಿಣದ ಕಪಾಟು ಎರಡು, ಒಂದರ ಕೀಲಿ ಇಲ್ಲ.
ನಳದ ಕಟ್ಟೆಯಲ್ಲಿ ಅರ್ಧ ಹೂತ ತೋಪಿನ ಗುಂಡು ಒಂದು,
ಯಾವ ಕಾಲದ ಲಡಾಯಿದ್ದೋ, ಹೆಂಗಸರು ಅದಕ್ಕೆ ಕೊಡ ಆನಿಸುತ್ತಾರೆ.
ಬಾಗಿಲ ಬಲಕ್ಕೆ, ಗೋಡೆಯಲ್ಲಿ ಹುದುಗಿದ ಕಲ್ಲು:

ಈ ಊರಿಂದ ನಲವತ್ತೊಂದು ಮಂದಿ ದಂಡಿಗೆ ಹೋದರು.
ಆರು ಮಂದಿ ಜೀವ ಕೊಟ್ಟರು.

ಹೆಸರಿಲ್ಲ. ಲೆಕ್ಕ ಮಾತ್ರ.
ಸ್ಥಿರಾಸ್ತಿಯೋ ಚರಾಸ್ತಿಯೋ, ಎಂಜಿನಿಯರ್ ಕೇಳಿದರು.
'ಕಿತ್ತರ ಚರ, ಬಿಟ್ಟರ ಸ್ಥಿರ ಸಾಹೇಬ್ರ' ಅಂದೆ.
ಅವರು ನಗಲಿಲ್ಲ.

ಹುಕ್ಕೇರಿ ಬಸ್ಸು ಎರಡನೇ ತಿರುವಿಗೇ ನಿಂತುಬಿಡುತ್ತದೆ.
ಇಪ್ಪತ್ತೆರಡು ವರ್ಷದಿಂದ ಈ ಗುಡ್ಡ ಹತ್ತಿಳಿಯುತ್ತೇನೆ, ಕರ ವಸೂಲಿಗೆ.
ಯಾವ ಮನೆಯ ನಾಯಿ ಕಚ್ಚುತ್ತದೆ,
ಯಾರು ಒಳಗಿದ್ದೇ 'ಊರಾಗಿಲ್ಲ' ಅನ್ನಿಸುತ್ತಾರೆ, ಎಲ್ಲ ಗೊತ್ತು.
ಎಂಬತ್ತಾರರ ಮಗ್ಗುಲಿಗೆ ಎಂಬತ್ತೆಂಟು ಎನ್ನುವುದೂ ಗೊತ್ತು.
ಕಂಪ್ಯೂಟರಿನಲ್ಲಿ ಮಾತ್ರ ಎಂಬತ್ತೇಳು ಇದೆ:
ಹುಸೇನಬಿ ಕೋಂ ದಸ್ತಗೀರಸಾಬ ನಾಲಬಂದ.
ಹಿಂಬಾಕಿ, ಎಪ್ಪತ್ತೈದು ಪೈಸೆ.

ಕೀಲಿಯಿಲ್ಲದ ಕಪಾಟನ್ನು ಒಡೆಸಿದಾಗ
ಗೆದ್ದಲ ಮಣ್ಣಿನ ಜೊತೆ ಮೋಡಿ ಅಕ್ಷರದ ವಹಿಗಳು ಬಿದ್ದವು.
ಓದಬಲ್ಲವರು ಊರಿಗೊಬ್ಬರೇ, ಜಿನ್ನಪ್ಪ ಉಪಾಧ್ಯೆ,
ವಯಸ್ಸು ತೊಂಬತ್ತೊಂದು. ಭೂತಗನ್ನಡಿ ಹಿಡಿದು
ಹಲ್ಲಿಲ್ಲದ ಬಾಯಲ್ಲಿ ಸಾಲುಗಳನ್ನು ಜಗಿಜಗಿದು ಹೇಳಿದರು:

'ಸನ್ ನಲವತ್ನಾಕು. ಎಂಬತ್ತೇಳನೇ ನಂಬರ.
ಗಂಡಸು ಮನ್ಯಾಗಿಲ್ಲ. ಬೆಳಗಾವಿ ಕ್ಯಾಂಪಿನಿಂದ
ಹೇಸರಗತ್ತಿಗೆ ನಾಲ ಬಡಿಯಾಕ ಕಡಲಾಚೆ ಹೋಗ್ಯಾನ.
ಹೆಂಗಸು ಹನ್ನೆರಡಾಣೆ ಕಟ್ಟ್ಯಾಳ.
ಎಲ್ಲಾ ತೂತಿನ ಕಾಸು, ನಲವತ್ತೆಂಟು, ದಾರದಾಗ ಪೋಣಿಸಿದ್ದು.
ದಾರ ವಾಪಸ್ ಕೊಟ್ಟದ.'

ಎಂಥ ಗುಮಾಸ್ತನೋ! ದಾರವನ್ನೂ ಜಮಾ ಖರ್ಚಿಗೆ ಹಿಡಿದಿದ್ದಾನೆ.

ಮುಂದಿನ ವರ್ಷ ಆಕೆ ಕಟ್ಟಿಲ್ಲ.
ಅದರ ಮರುವರ್ಷ ಮನೆ ಬಿದ್ದಿದೆ, ಹೊಸ ಕರ ಹಚ್ಚಿಲ್ಲ.
ಕಲ್ಲಿನ ಆರು ಮಂದಿಯ ಮನೆಗಳಿಗೆ ಮಾಫಿ,
ಪಕ್ಕದಲ್ಲಿ ನೇರಳೆ ಬಣ್ಣದ ಮೊಹರು.
ನಾಲ ಬಡಿಯುವವನು ಸಿಪಾಯಿ ಅಲ್ಲ,
ಕೈಯಲ್ಲಿದ್ದದ್ದು ಬಂದೂಕಲ್ಲ, ಸುತ್ತಿಗೆ.
ಬಂದನೋ, ಸತ್ತನೋ, ಯಾವುದೋ ಕೆಸರು ಗುಡ್ಡದಲ್ಲಿ
ಮೂಕ ಪ್ರಾಣಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು
ಬಾಯಲ್ಲಿ ನಾಲ್ಕು ಮೊಳೆ ಕಚ್ಚಿ
ಕುಂತಲ್ಲೇ ಉಳಿದನೋ, ಬರೆಯಲು ಕಾಲಮ್ಮು ಇರಲಿಲ್ಲ.
ಹನ್ನೆರಡಾಣೆ ಬಾಕಿ, ಮುಂದಿನ ಸಾಲಿಗೆ ಎಳೆದಿದೆ.
ಮುಂದಿನ ಸಾಲಿಗೆ. ಮತ್ತೆ ಮುಂದಿನ ಸಾಲಿಗೆ.
ಮೋಡಿ ಹೋಗಿ ಕನ್ನಡ ಬಂತು,
ಮುಂಬೈ ರಾಜ್ಯ ಹೋಗಿ ಮೈಸೂರು ಬಂತು,
ಆಣೆ ಹೋಗಿ ಪೈಸೆ ಬಂದಾಗ ಯಾರೋ ಅಂಚಿನಲ್ಲಿ
ಪೆನ್ಸಿಲ್ಲಿನಿಂದ ಎಪ್ಪತ್ತೈದು ಮಾಡಿದರು.
ಹುಸೇನಬಿ ತೀರಿದ್ದು ಯಾವಾಗಲೋ. ಬಾಕಿ ತೀರಲಿಲ್ಲ.

ಲೆಕ್ಕ ತಪಾಸಣೆಯವರು ಪ್ರತಿ ಸಲ ಕೆಂಪು ಗೆರೆ ಎಳೆಯುತ್ತಾರೆ.
'ಮುಕ್ಕಾಲು ರೂಪಾಯಿರೀ! ನೀವ ಕಟ್ಟಿ ಒಗೀರಿ ಅತ್ಲಾಗ.'
ಕಟ್ಟಬಹುದಿತ್ತು. ಒಂದು ಗುಟುಕು ಚಹಾದ ದುಡ್ಡು.
ಕಟ್ಟಿದರೆ ಆ ಹೆಸರು ಪಟ್ಟಿಯಿಂದ ಹೋಗುತ್ತದೆ.

ನಿನ್ನೆ ಕಲ್ಲು ಕಿತ್ತರು. ನೀರಿನ ಮೋಟಾರಿನ ಪಕ್ಕ
ಅಕ್ಷರದ ಮೋರೆ ಗೋಡೆಗೆ ಮಾಡಿ ಒರಗಿಸಿದ್ದಾರೆ.
ವಹಿಯಲ್ಲಿ ಬರೆದೆ: ಕಲ್ಲು, ಒಂದು, ಬಿಡಿ.
ಸಂಜೆ ನೋಟೀಸಿನ ಕಟ್ಟು ಹಿಡಿದು ಹೊರಟೆ.
ಎಂಬತ್ತಾರು. ಎಂಬತ್ತೆಂಟು.
ನಡುವೆ ಒಂದು ಹೇಸರಗತ್ತೆ ನಿಲ್ಲುವಷ್ಟು ಸಂದಿ,
ಅಲ್ಲಿ ಯಾರದೋ ಬೈಕು. ಎಂಬತ್ತೇಳರ ನೋಟೀಸನ್ನು
ಅದರ ಸೀಟಿನ ಮೇಲಿಟ್ಟೆ,
ಗುಡ್ಡದ ಗಾಳಿ, ಹಾರಬಾರದೆಂದು ಒಂದು ಹರಳು ಹೇರಿ.