ಬ್ರೇಕ್ ಆಯಿಲಿನ ಬಾಯಾರಿಕೆ

ಬ್ರೇಕ್ ಆಯಿಲಿಗೆ ಬಾಯಾರಿಕೆ ಜಾಸ್ತಿ,
ಮುಚ್ಚಳ ಎಷ್ಟು ಬಿಗಿದರೂ ಗಾಳಿಯಿಂದ ನೀರು ಕುಡೀತದೆ
ಎಂದು ಇನಾಸಣ್ಣ ಹೇಳಿದಾಗ ನಕ್ಕಿದ್ದೆ.
ಕಂಪನಿ ಪುಸ್ತಕದಲ್ಲಿ ಎರಡು ವರ್ಷ ಅಂತ ಇದೆಯಲ್ಲ?
ಇದೆ. ಅದನ್ನು ಬರೆದವ
ಬೈತಖೋಲದಲ್ಲಿ ಒಂದು ಅಂಗಿ ಒಣಗಿಸಿ ನೋಡಿಲ್ಲ.
ಇಲ್ಲಿ ಒಂದೇ ವರ್ಷ, ಮಂಕಾಳಿ.

ಜೂನ್ ಒಂದಕ್ಕೆ ಬೋಟು ಬಂದ್.
ನನ್ನ ಓಮ್ನಿಯೂ ಕೋಡಿಬಾಗದ ಗ್ಯಾರೇಜಿನಲ್ಲಿ
ನಾಲ್ಕು ಚಿರೇಕಲ್ಲಿನ ಮೇಲೆ ಕಾಲೆತ್ತಿ ನಿಲ್ಲುತ್ತದೆ.
ಹತ್ತೊಂಬತ್ತು ವರ್ಷ ಬಂಗಡೆ, ಶೆಟ್ಲಿ, ತಾರ್ಲೆ ಹೊತ್ತು
ಅಂಕೋಲೆ ದಾಟಿ, ಅರಬೈಲು ಹತ್ತಿ, ಯಲ್ಲಾಪುರಕ್ಕೆ.
ಹಿಂದಿನ ಸೀಟಿನ ಜಾಗದಲ್ಲಿ ಐಸಿನ ಪೆಟ್ಟಿಗೆ,
ಪೆಟ್ಟಿಗೆಯಿಂದ ಉಪ್ಪುನೀರು, ಉಪ್ಪುನೀರಿನಿಂದ ತೂತು,
ತೂತಿನಲ್ಲಿ ಓಡುವ ರಸ್ತೆ.
ಮೇಲಿನದು ಬರೀ ತಗಡು, ಅಂಗಡಿಯಲ್ಲಿ ಸಿಗ್ತದೆ;
ಒಳಗಿನದಕ್ಕೆ ಮಾತ್ರ ತಾರೀಖು ತಪ್ಪಿಸಬೇಡ, ಅನ್ನುತ್ತಾನೆ.

ಎಂಜಿನ್ ಆಯಿಲ್ ಬಿಸಿಯಿದ್ದಾಗಲೇ ಇಳಿಸಬೇಕು.
ನಟ್ಟು ತೆಗೆದರೆ ಕರಿ ಹಗ್ಗ ಬೋಗುಣಿಗೆ ಇಳಿಯುತ್ತದೆ,
ಆಮೇಲೆ ದಾರ, ಆಮೇಲೆ ಹನಿ.
ಹನಿ ನಿಲ್ಲುವವರೆಗೆ ನಾವು ಚಾ ಕುಡಿಯುತ್ತೇವೆ.
ಅವಸರ ಮಾಡಿದರೆ ತಳದಲ್ಲಿ ಮಡ್ಡಿ ಉಳಿಯುತ್ತದೆ,
ಮೀನಿನ ಹೊಟ್ಟೆ ತೆಗೆದವಳು
ಬೆನ್ನೆಲುಬಿಗಂಟಿದ ಕರಿನೆತ್ತರು ಮರೆತ ಹಾಗೆ:
ಸಾರು ಕಹಿಯಾದ ಮೇಲಷ್ಟೇ ಗೊತ್ತಾಗುವುದು.

ಆ ಕರಿ ಎಣ್ಣೆಯನ್ನು ದೇವು ತಾಂಡೇಲ ಒಯ್ಯುತ್ತಾನೆ,
ಪಾತಿದೋಣಿಯ ತಳಕ್ಕೆ ಬಳಿಯಲು.
ನಿನ್ನ ಗಾಡಿ ಅರ್ಧ ಸಮುದ್ರದಲ್ಲೇ ಓಡ್ತದೆ, ಎಂದು ನಗುತ್ತಾನೆ.

ರೇಡಿಯೇಟರಿಗೆ ಮೊದಲೆಲ್ಲ ಬಾವಿನೀರೇ.
ನಮ್ಮ ಬಾವಿಗೆ ಏಪ್ರಿಲಿನಲ್ಲಿ ಕಡಲು ಬರುತ್ತದೆಂದು
ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.
ಬಿಚ್ಚಿದರೆ ತುಕ್ಕಿನ ಗಂಜಿ.
ಈಗ ಹಸಿರು ಕೂಲೆಂಟ್. ಬಿಸಿಯಲ್ಲಿ ಮುಚ್ಚಳ ತೆಗೆದರೆ ಏನಾಗುತ್ತದೆಂಬುದು
ಇನಾಸಣ್ಣನ ಮೊಣಕೈ ಮೇಲೆ ಬರೆದಿದೆ.

ಒಂದು ಮಳೆಗಾಲ ತಪ್ಪಿಸಿದೆ.
ದುಡ್ಡೆಲ್ಲ ತಮ್ಮನ ಬೋಟಿನ ಗೇರ್‌ಬಾಕ್ಸಿಗೆ ಹೋಗಿತ್ತು;
ಬ್ರೇಕ್ ಆಯಿಲ್ ತಾನೆ, ದೀಪಾವಳಿ ಕಳೆಯಲಿ, ಅಂದೆ.
ಕಳೆಯಿತು. ಅರಬೈಲಿನ ಇಳಿಜಾರು, ಖಾಲಿ ಪೆಟ್ಟಿಗೆಗಳು,
ಮುಂದೆ ಒಂದು ಮರದ ಲಾರಿ.
ತಿರುವು ತಿರುವಿಗೂ ಒತ್ತಿದ ಪೆಡಲು
ನೆನೆದ ಅವಲಕ್ಕಿಯಾಗಿ ನೆಲ ಮುಟ್ಟಿತು.
ಕುಡಿದ ನೀರೆಲ್ಲ ಒಳಗೆ ಕುದಿದು ಉಗಿಯಾಗಿತ್ತು.
ಮೂರು, ಎರಡು, ಒಂದು: ಗೇರು ಅರಚಿತು,
ಹ್ಯಾಂಡ್‌ಬ್ರೇಕ್ ಎಳೆದು ಗುಡ್ಡದ ಬದಿಯ ಗಟಾರಕ್ಕೆ ಗಾಲಿ ಇಳಿಸಿದೆ.
ಪೆಟ್ಟಿಗೆಗಳು ಒಂದೊಂದೇ ಬಂದು ಬೆನ್ನಿಗೆ ಗುದ್ದಿದವು.
ಲಾರಿಯವನಿಗೆ ಏನೂ ತಿಳಿಯಲಿಲ್ಲ.

ಅರ್ಧ ಗಂಟೆ ಕೂತು ಒತ್ತಿ ನೋಡಿದರೆ
ಪೆಡಲು ಗಟ್ಟಿ! ಏನೂ ಆಗದವರ ಹಾಗೆ.
ನನಗೆ ಹೆದರಿಕೆಯಾದದ್ದು ಆಗ.

ಅಂದಿನಿಂದ ಈ ನೋಟುಪುಸ್ತಕ.
ಕಿಲೋಮೀಟರಿನ ಮುಳ್ಳು ಸತ್ತು ಎಷ್ಟೋ ಕಾಲ,
ಅದಕ್ಕೇ ಟ್ರಿಪ್ಪಿನ ಲೆಕ್ಕ:
ಮೂವತ್ತು ಯಲ್ಲಾಪುರಕ್ಕೆ ಒಂದು ಆಯಿಲ್,
ಅರವತ್ತಕ್ಕೆ ಏರ್ ಫಿಲ್ಟರ್,
ಗೇರ್ ಆಯಿಲಿಗೆ ಇನಾಸಣ್ಣನ ಮೂಗೇ ಪಂಚಾಂಗ.

ಶೋರೂಮಿನ ಹುಡುಗ ಬಂದಿದ್ದ. ಹಳೆಯದು ಕೊಡಿ,
ಮೂವತ್ತು ಸಾವಿರ ಹಿಡೀತೇವೆ ಮೇಡಂ.
ಹೊಸದರ ಆಯಿಲ್ ಕಡ್ಡಿ ಎಲ್ಲಿದೆ, ತೋರಿಸು, ಅಂದೆ.
ಬಾನೆಟ್ ಎತ್ತಿ ಬಹಳ ಹೊತ್ತು ಹುಡುಕಿದ, ಪಾಪ.

ಮೊನ್ನೆ ನಸುಕಿನಲ್ಲಿ, ಮೀನು ತುಂಬುವ ಮೊದಲು
ಇನಾಸಣ್ಣ ನನ್ನ ಸೀಟು ಎತ್ತಿದ. ಅದರಡಿಯೇ ಎಂಜಿನ್ನು.
ಕಡ್ಡಿ ಎಳೆದು, ಒರೆಸಿ, ಅದ್ದಿ, ಮತ್ತೆ ಎಳೆದು
ದೀಪಕ್ಕೆ ಹಿಡಿದ. ಹತ್ತಿರ. ಇನ್ನೂ ಹತ್ತಿರ.
ಕಣ್ಣಿಗೆ ಪೊರೆ ಬಂದದ್ದನ್ನು ಅವ ಯಾರಿಗೂ ಹೇಳಿಲ್ಲ.
ನೀನೇ ನೋಡು, ಎಂದು ನನ್ನ ಕೈಗಿತ್ತ.
ಎರಡು ಗೆರೆಯ ನಡುವೆ ಇದೆ, ಅಂದೆ.
ಮೇಲಿನದಕ್ಕೆ ಹತ್ತಿರವೋ, ಕೆಳಗಿನದಕ್ಕೋ?
ಐಸು ಕರಗುತ್ತಿತ್ತು, ಹೊತ್ತಾಗಿತ್ತು.
ಕೆಳಗಿನದಕ್ಕೆ, ಅಂದೆ.
ಅರ್ಧ ಲೀಟರ್ ತಾ, ಅಂದ.